ಎರಡು ಗೆರೆಯ ಈಬತ್ತಿ

"ಸರ್, ಒಳಗ ಮಲಗಿಬಿಟ್ರೇನು?"

ಹುಬ್ಬಳ್ಳಿಯ ಠಾಣೆಯ ಅಂಗಳದಲ್ಲಿ ಸಬ್ ಇನ್ಸ್‌ಪೆಕ್ಟರ್ ಚಿನ್ಮಯೀ ಬಗ್ಗಿ ನೋಡಿದಳು. ಮೂತಿ ನುಜ್ಜುಗುಜ್ಜಾದ ಪಿಕಪ್ಪಿನ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದವು. ಒಂದರ ಚಪ್ಪಲಿ ಕಳಚಿ ಬಿದ್ದಿತ್ತು.

"ಮಲಗಿದ್ರ ಗೊರಕಿ ಕೇಳತಿತ್ತಲ್ರಿ ಮೇಡಮ್ಮ," ಎಂದಿತು ಒಳಗಿನ ದನಿ. "ಆ ಬ್ಯಾಟರಿ ಸ್ವಲ್ಪ ಇತ್ತಾಗ ಹಿಡೀರಿ."

ಅರವತ್ತೊಂದರ ವಯಸ್ಸಿನಲ್ಲಿ ನೆಲಕ್ಕೆ ಬೆನ್ನು ಕೊಟ್ಟು ಗಾಡಿಯ ಕೆಳಗೆ ನುಸುಳುವುದೆಂದರೆ ಹುಡುಗಾಟವಲ್ಲ. ಆದರೆ ರಾಜರತ್ನನಿಗೆ ಅದೇ ಅಭ್ಯಾಸ. ಮೂವತ್ತು ವರ್ಷ ಮೋಟಾರು ವಾಹನ ನಿರೀಕ್ಷಕನಾಗಿ ಒಂಬತ್ತು ಊರು ತಿರುಗಿದವನು. ಆ ತಿರುಗಾಟದಲ್ಲಿ ಮದುವೆಯ ಮಾತು ಹಿಂದೆ ಬಿತ್ತು. ಆಮೇಲೆ ಆ ಮಾತು ಎತ್ತುವವರೂ ಉಳಿಯಲಿಲ್ಲ. ಈಗ ಧಾರವಾಡದ ಮಾಳಮಡ್ಡಿಯಲ್ಲಿ ಎರಡು ಕೋಣೆ, ಒಂದು ಕುರ್ಚಿ, ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ. ಬರುವವರೇ ಇಲ್ಲದ ಮನೆಗೆ ಎರಡನೆಯ ಕುರ್ಚಿ ಯಾಕೆ ಹೇಳಿ?

ಪಿಕಪ್ಪು ಅವನ ಗೆಳೆಯ ಗುರುಬಸವನದು; ಕೆಟ್ಟ ಗಾಡಿ ಎಳೆದು ತರುವುದು ಅವನ ಕಸುಬು. ಹನ್ನೊಂದು ದಿನದ ಹಿಂದೆ, ಶುಕ್ರವಾರ, ಬಿಳಿ ಕಾರೊಂದನ್ನು ಎಳೆದು ತರುವಾಗ ಅದು ಬೈಪಾಸಿನ ಇಳಿಜಾರಿನಲ್ಲಿ ಓಲಾಡಿ ತಗ್ಗಿಗೆ ಉರುಳಿತು. ಗುರುಬಸವ ಅಲ್ಲೇ ಸತ್ತ.

ನಿನ್ನೆ ತಪಾಸಣೆಯ ವರದಿ ಬಂದಿತ್ತು. ಬ್ರೇಕು ಸರಿ, ಟೈರು ಸರಿ, ಸ್ಟೇರಿಂಗು ಸರಿ. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು ಮಾತ್ರ ಎಳೆಯುವ ಭಾರಕ್ಕೆ ತಕ್ಕವಲ್ಲ ಎಂದು ಬರೆದಿದ್ದರು. ಗೋಕುಲ ರಸ್ತೆಯ ಬಾಯಲ್ಲಿ ಅವಕ್ಕೆ 'ಶಾಕಪ್' ಎಂದೇ ಹೆಸರು. ಗಾಡಿ ತಗ್ಗು ದಿಣ್ಣೆ ಹಾರಿದಾಗ ಕುಣಿಯದಂತೆ ಹಿಡಿದು ನಿಲ್ಲಿಸುವ ಎಣ್ಣೆಯ ಕೊಳವೆಗಳು ಅವು.

ಆ ಎರಡನ್ನೂ ಅಪಘಾತಕ್ಕೆ ಎರಡು ದಿನ ಮೊದಲು, ಬುಧವಾರ, ಗುರುಸಿದ್ದಯ್ಯನ ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಸಿದ್ದು. ಆರಿಸಿ ಕೊಟ್ಟವನು ಇದೇ ರಾಜರತ್ನ.

ಗಾಡಿ ಉರುಳಿದ ದಿನವೇ ಹುಟ್ಟಿದ್ದ ಅವನ ಸಂಶಯಕ್ಕೆ ವರದಿ ಮುದ್ರೆ ಒತ್ತಿತ್ತು. ನಾನು ಆರಿಸಿದ್ದೇ ನನ್ನ ಗೆಳೆಯನನ್ನು ಕೊಂದಿತೇ? ಈ ಒಂದು ಪ್ರಶ್ನೆ ಬೆಳಿಗ್ಗೆ ಅವನ ಜೊತೆ ಏಳುತ್ತಿತ್ತು, ರಾತ್ರಿ ಅವನ ಜೊತೆಯೇ ಮಲಗುತ್ತಿತ್ತು.

ಅಂಗಡಿಯ ಆ ಮಧ್ಯಾಹ್ನ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಮೇಜಿನ ಮೇಲೆ ಮೂರು ಜೊತೆ ಇಟ್ಟಿದ್ದರು. ಗುರುಬಸವ ಸಪೂರವಾದ ಜೊತೆಗೆ ಕೈ ಹಾಕಿದ್ದ.

"ಇದು ಮೆತ್ತಗ ಐತ್ರಿ ಸಾಹೇಬ್ರ. ಖಾಲಿ ಹೋಗುವಾಗ ಟೊಂಕ ಉಳೀತೈತಿ."

"ಖಾಲಿ ಹೋದ್ರ ನಿನ್ನ ಹೊಟ್ಟಿ ತುಂಬತೈತೇನ? ನಿನ್ನ ದುಡಿಮಿ ಎಳಿಯೂದು. ಹಿಂದ ಕಾರಿನ ಭಾರ ಬಿತ್ತಂದ್ರ ಗಾಡಿ ಹಿಂದ ಕುಂಡ್ರತೈತಿ, ಮೂತಿ ಮ್ಯಾಲೆ ಏಳತೈತಿ. ಮೂತಿ ಎದ್ದ ಗಾಡಿ ಸ್ಟೇರಿಂಗ್ ಮಾತು ಕೇಳೂದಿಲ್ಲ."

"ಹಂಗಾರ ಈ ದಪ್ಪಂದ ತಗೊಳ್ಳೂಣ್ರಿ."

"ಅದು ಲಾರಿಗಿ. ನಿನ್ನ ಗಾಡಿ ಖಾಲಿ ಇದ್ದಾಗ ಕಪ್ಪಿ ಜಿಗದಂಗ ಜಿಗೀತೈತಿ."

ಮೂರನೆಯದು ನೀಲಿ ಬಣ್ಣದ್ದು, ಎಣ್ಣೆಯ ಜೊತೆ ಗ್ಯಾಸೂ ತುಂಬಿದ್ದು. ರಾಜರತ್ನ ಅದನ್ನು ಮೇಜಿನ ಮೇಲೆ ನಿಲ್ಲಿಸಿ ಅದುಮಿದ್ದ; ಕೈ ಬಿಟ್ಟರೆ ಅದು ತಾನೇ ನಿಧಾನವಾಗಿ ಎದ್ದು ನಿಂತಿತ್ತು. ಹೆಬ್ಬೆರಳು ತೋರುಬೆರಳನ್ನು ಬಳೆಯ ಹಾಗೆ ಸುತ್ತಿ ದಪ್ಪ ನೋಡಿದ್ದ. ಎರಡು ಬೆರಳ ತುದಿಯ ನಡುವೆ ಒಂದು ಬೆರಳಗಲ ಜಾಗ ಉಳಿದಿತ್ತು. ಉದ್ದವನ್ನೂ ಹಳೆಯದರ ಪಕ್ಕ ಹಿಡಿದು ಅಳೆದಿದ್ದ. ಗುರುಬಸವ ಅಂಗಡಿಯವನ ಕಡೆ ಕಣ್ಣು ಹೊಡೆದು, "ಇಷ್ಟ ಆರಿಸಿ ಆರಿಸೇ ನೋಡ್ರಿ ನಮ್ಮ ಸಾಹೇಬ್ರ ಮದುವಿ ಆಗಲಿಲ್ಲ," ಎಂದಿದ್ದ. ಅಂಗಡಿಯ ತುಂಬ ನಗು. ರಾಜರತ್ನನೂ ನಕ್ಕಿದ್ದ. ಹಾಗೆ ಅವನನ್ನು ಕಾಡಿಸುವ ಅಧಿಕಾರ ಭೂಮಿಯ ಮೇಲೆ ಒಬ್ಬನಿಗೇ ಇತ್ತು.

ಅದೇ ಒಬ್ಬನು ದಿನಾ ಸಂಜೆ ನಾಲ್ಕಕ್ಕೆ ಫೋನು ಮಾಡುತ್ತಿದ್ದ. "ಸಾಹೇಬ್ರ, ಚಾ ಆತೇನ್ರಿ?" ಹೆಚ್ಚಿಗೆ ಏನೂ ಇಲ್ಲ, ಇಷ್ಟೇ. ಈ ಮೂರು ಮಾತಿನ ಮೇಲೆ ರಾಜರತ್ನನ ಇಡೀ ದಿನ ನಿಂತಿರುತ್ತಿತ್ತು.

ಈಗ ಗಾಡಿಯ ಕೆಳಗೆ ಅವನು ಬ್ಯಾಟರಿಯ ಬೆಳಕನ್ನು ಎಡಗಡೆಯ ಶಾಕಪ್ಪಿನ ಮೇಲೆ ಬಿಟ್ಟ. ಪಂಚನಾಮೆಗೆಂದು ಕೆಳಗಿನ ಬೋಲ್ಟು ಬಿಚ್ಚಿದ್ದರು. ಗ್ಯಾಸಿನ ಶಾಕಪ್ಪು ಬಿಚ್ಚಿದ ಕೂಡಲೇ ತಾನೇ ಪೂರ್ತಿ ಉದ್ದವಾಗಬೇಕು. ಇದು ಅರ್ಧಕ್ಕೇ ಜೋತುಬಿದ್ದಿತ್ತು. ಮೇಲೆ ತಳ್ಳಿದ, ಹೋಯಿತು. ಕೆಳಗೆ ಎಳೆದ, ಬಂತು. ತಡೆಯೆಂಬುದೇ ಇಲ್ಲ. ಬಣ್ಣ ಮಾತ್ರ ಅದೇ ನೀಲಿ.

ಹೆಬ್ಬೆರಳು ತೋರುಬೆರಳನ್ನು ಕೊಳವೆಯ ಸುತ್ತ ಹಾಕಿದ.

ತುದಿಗಳು ಕೂಡಿದವು.

"ಎವ್ವಾ!" ಎಂದುಬಿಟ್ಟ ರಾಜರತ್ನ.

"ಏನಾತ್ರಿ?"

"ಇವು ನಾ ಆರಿಸಿದ್ದಲ್ಲರಿ ಮೇಡಮ್ಮ! ಅಲ್ಲವೇ ಅಲ್ಲ! ನಾ ಆರಿಸಿದ್ದು ಬೆರಳಿಗಿ ಸಿಗತಿದ್ದಿಲ್ಲ. ಇವು ಯಾವವೋ ಹಳೇವು, ಸತ್ತ ಹೋಗ್ಯಾವು, ಮ್ಯಾಲೆ ನೀಲಿ ಬಣ್ಣಾ ಬಳದಾರ."

ಹನ್ನೊಂದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿಯಿತು. ಅವನಿಗೆ ಅಲ್ಲೇ, ಎಣ್ಣೆ ಸುರಿದ ನೆಲದ ಮೇಲೆ ಮಲಗಿಕೊಂಡೇ ಅಳು ಬಂತು. ನಾನಲ್ಲ, ಗುರುಬಸವಾ, ನಾನಲ್ಲ.

ಉಗುರಿನಿಂದ ಬಣ್ಣ ಕೆರೆದು ನೋಡಿದ. ಚಕ್ಕೆಯ ಕೆಳಗೆ ಕಲ್ಲಾಗಿ ಹತ್ತಿದ್ದ ಮಣ್ಣು, ಕರಿಮಣ್ಣು. ಗುರುಬಸವನ ದುಡಿಮೆಯೆಲ್ಲ ಧಾರವಾಡ, ಕಲಘಟಗಿಯ ಕಡೆ. ಅವನ ಗಾಡಿಯ ಕೆಳಗೆ ಯಾವಾಗಲೂ ಕೆಂಪು ಮಣ್ಣು. ಈ ಎರೆಮಣ್ಣು ಹುಬ್ಬಳ್ಳಿ ದಾಟಿ ಗದಗಿನ ಕಡೆಗೋ ನವಲಗುಂದದ ಕಡೆಗೋ ಹೋದರೆ ಹತ್ತುವಂಥದ್ದು. ಶಾಕಪ್ಪಿನ ನೆತ್ತಿಯ ಹತ್ತಿರ, ಮಣ್ಣು ತಾಗದ ಮರೆಯಲ್ಲಿ, ಮೂರು ಬಿಳಿ ಗೆರೆ ಕಂಡವು. ಬಲಗಡೆಯದರ ಮೇಲೂ ಹಾಗೇ ಮೂರು ಗೆರೆ. ವಿಭೂತಿ.

ಅವನು ಎಲ್ಲದರ ಫೋಟೋ ತೆಗೆದುಕೊಂಡು ಹೊರಗೆ ಬಂದಾಗ ಚಿನ್ಮಯೀಯ ಮುಖ ಮಾತ್ರ ಹಗುರಾಗಿರಲಿಲ್ಲ. ಅವಳು ಒಳ್ಳೆಯ ಅಧಿಕಾರಿ. ಆದರೆ ಒಳ್ಳೆಯ ಅಧಿಕಾರಿಗಳೇ ಕೆಲವೊಮ್ಮೆ ಕೆಟ್ಟ ಮಾತು ಹೇಳಬೇಕಾಗುತ್ತದೆ.

"ಸರ್, ನಿಮ್ಮ ತಪ್ಪಿಲ್ಲ, ಖುಷಿ ಆತು. ಆದ್ರ ಇದರಿಂದ ಆ ಮೆಕ್ಯಾನಿಕ್ ಅಕೀಬ ಇನ್ನಷ್ಟು ಸಿಕ್ಕೊಂಡ ನೋಡ್ರಿ. ಹೊಸಾವು ಹಾಕೇನಿ ಅಂತ ಹೇಳಿ ಹಳೇವು ಹಾಕ್ಯಾನ. ನಿಮ್ಮ ಬೆರಳ ಅದಕ್ಕ ಸಾಕ್ಷಿ."

"ಅಂವಾ ಅಂಥಾಂವಲ್ಲ."

"ಈಬತ್ತಿ ನೋಡಿದ್ರಿಲ್ಲೋ? ಗುರುಸಿದ್ದಯ್ಯನ ಗ್ಯಾರೇಜಿನಾಗ ಈಬತ್ತಿ ಹಚ್ಚದ ಒಂದ ನಟ್ಟು ಸೈತ ಗಾಡಿಗೆ ಏರೂದಿಲ್ಲ. ಇಡೀ ಗೋಕುಲ ರಸ್ತಾಕ್ಕ ಗೊತ್ತದ. ಅಂದ್ರ ಇವು ಅಲ್ಲೇ ಏರಿದ್ದು. ಏರಿಸಿದಾಂವ ಅಕೀಬ. ಇದರಾಗ ಇನ್ನೇನ್ ಉಳೀತು?"

ಅಕೀಬ ಠಾಣೆಯ ಒಳಗಿನ ಬೆಂಚಿನ ಮೇಲೆ ಕೂತಿದ್ದ. ನಲವತ್ತರ ಹತ್ತಿರದ ಗಂಡಸು, ಹನ್ನೆರಡು ವರ್ಷದಿಂದ ಗುರುಸಿದ್ದಯ್ಯನ ಬಲಗೈ. ನಿನ್ನೆ ಸಂಜೆ ಕರೆತಂದಿದ್ದರು; ಇವತ್ತು ನಾಲ್ಕೂವರೆಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಕಿಟಕಿಯಿಂದ ರಾಜರತ್ನನನ್ನು ನೋಡಿ ಅವನು ಎದ್ದು ನಿಂತ.

"ಸಾಹೇಬ್ರ, ನೀವು ಆರಿಸಿ ಕೊಟ್ಟದ್ದ ಹಾಕೇನ್ರಿ. ನನ್ನ ಮಕ್ಕಳಾಣಿ."

ರಾಜರತ್ನ ತನ್ನ ಬೆರಳುಗಳನ್ನು ನೋಡಿಕೊಂಡ. ತನ್ನನ್ನು ಬಿಡಿಸಿದ ಬೆರಳೇ ಇವನ ಕೊರಳಿಗೆ ಹಗ್ಗ ಹಾಕಿತ್ತಲ್ಲ! ಗಡಿಯಾರದಲ್ಲಿ ಎರಡು ಗಂಟೆ.

"ಆ ಬಿಳಿ ಕಾರಿನ ಮಾಲಕ ಬಂದಾನೇನ್ರಿ?" ಎಂದು ಹೊರಡುವಾಗ ಕೇಳಿದ.

"ಇಲ್ಲ. ಹನ್ನೊಂದ ದಿನಾತು, ಯಾರೂ ಕೇಳ್ಕೊಂಡ ಬಂದಿಲ್ಲ. ನಂಬರ್ ಪ್ಲೇಟೂ ಖೊಟ್ಟಿ. ಡಿಕ್ಕಿಗೆ ಕೀಲಿ ಅದ, ಇನ್ನೂ ತಗದಿಲ್ಲ." ಅಂಗಳದ ಮೂಲೆಯಲ್ಲಿ ತಾಡಪಲ್ಲು ಹೊದಿಸಿದ ಕಾರಿನ ಕಡೆ ಅವಳು ಕೈ ಮಾಡಿದಳು. "ಅದನ್ನ ಆಮ್ಯಾಲೆ ನೋಡೂಣು. ಈ ಪಿಕಪ್ಪು ನಾಕಕ್ಕ ಧಾರವಾಡದ ಯಾರ್ಡಿಗೆ ಹೋಗತದ. ಗಂಗಪ್ಪಗ ಹೇಳೇನಿ, ಅಂವಾ ತನ್ನ ಗಾಡಿ ತರ್ತಾನ. ಅಷ್ಟರೊಳಗ ಏನರ ತಂದ್ರ ತರ್ರಿ."

ಗಂಗಪ್ಪನ ಹೆಸರು ಕೇಳಿ ರಾಜರತ್ನನಿಗೆ ಒಂದಿಷ್ಟು ಸಮಾಧಾನವಾಯಿತು. ಗುರುಬಸವನೂ ಗಂಗಪ್ಪನೂ ಒಂದೇ ದಿನ ಒಂದೇ ನಮೂನೆಯ ಪಿಕಪ್ಪು ಕೊಂಡವರು. ಕೆಟ್ಟ ಗಾಡಿ ಎಳೆಯುವ ಕಸುಬನ್ನು ಅಣ್ಣತಮ್ಮಂದಿರ ಹಾಗೆ ಹಂಚಿಕೊಂಡಿದ್ದರು. ಅತ್ತ ಗದಗಿನ ರಸ್ತೆ ಗಂಗಪ್ಪನದು, ಇತ್ತ ಧಾರವಾಡ ಇವನದು. ಗುರುಬಸವ ಸತ್ತ ಮರುದಿನ, ಮಣ್ಣು ಕೊಟ್ಟು ಬಂದು ರಾಜರತ್ನ ತನ್ನ ಒಂದೇ ಕುರ್ಚಿಯಲ್ಲಿ ಕೂತಿದ್ದಾಗ, ನಾಲ್ಕಕ್ಕೆ ಸರಿಯಾಗಿ ಫೋನು ಬಂದಿತ್ತು. "ಸಾಹೇಬ್ರ, ನಾ ಗಂಗಪ್ಪ. ಚಾ ಆತೇನ್ರಿ?" ಅಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಫೋನು ಬರದಿದ್ದರೆ ರಾಜರತ್ನ ಈ ಹನ್ನೊಂದು ದಿನ ಹೇಗೆ ದೂಡುತ್ತಿದ್ದನೋ ಅವನಿಗೇ ಗೊತ್ತಿಲ್ಲ.

ಗದಗಿನ ರಸ್ತೆಯೆಂದರೆ ಎರೆಮಣ್ಣು. ಇದು ಅವನ ತಲೆಗೆ ಬರಬೇಕಿತ್ತು, ಬರಲಿಲ್ಲ. ಮನಸ್ಸು ಯಾವಾಗಲೂ ಹಾಗೇ, ತನಗೆ ಬೇಕಾದವರನ್ನು ಬಿಟ್ಟೇ ಸಂಶಯ ಪಡುತ್ತದೆ.

ಗುರುಸಿದ್ದಯ್ಯನ ಗ್ಯಾರೇಜು ಅರ್ಧ ಬಾಗಿಲು ಹಾಕಿತ್ತು. ಮುದುಕ ಒಳಗೆ ಟೈರಿನ ಮೇಲೆ ಕೂತು, ಕೈಯಲ್ಲೊಂದು ಎಣ್ಣೆಬಟ್ಟೆ ಹಿಡಿದು, ಗೋಡೆ ನೋಡುತ್ತಿದ್ದ. ರಾಜರತ್ನನನ್ನು ಕಂಡು ಏಳಲಿಲ್ಲ.

"ಬರ್ರಿ. ನನ್ನೂ ಹಿಡಕೊಂಡ ಹೋಗಾಕ ಬಂದೀರೇನು?"

"ಗುರುಸಿದ್ದಯ್ಯ, ಖರೇ ಹೇಳು. ಬುಧವಾರ ಗುರುಬಸವನ ಗಾಡಿಗಿ ಏನ ಹಾಕಿದ್ರಿ?"

"ನೀವು ಕಳಿಸಿದ್ದು."

"ಗಾಡ್ಯಾಗ ಅವಿಲ್ಲ. ಹಳೇವದಾವು. ಬಣ್ಣಾ ಬಳದಾವು."

ಮುದುಕ ಧಡಕ್ಕನೆ ಎದ್ದ. ಟೈರು ಉರುಳಿ ಹೋಗಿ ಗೋಡೆಗೆ ಬಡಿಯಿತು.

"ಏನಂದ್ರಿ? ನಲವತ್ತ ವರ್ಷ ಆತು ಈ ಅಂಗಳದಾಗ ಕುಂತು! ಹಳೇ ಸಾಮಾನು ಗಿರಾಕಿ ಕೈಯಾಗ ಕೊಟ್ಟ ಮ್ಯಾಲೇ ಗಾಡಿ ಬಿಟ್ಟಾಂವ ನಾ. ನನಗ ಕಳ್ಳ ಅಂತೀರೇನು?"

"ನಾ ಅನ್ನೂದಿಲ್ಲೋ ಮಾರಾಯ, ಪೊಲೀಸರು ಅಂತಾರ. ನಿನ್ನ ಈಬತ್ತಿ ಅದರ ಮ್ಯಾಲೈತಿ. ಅದ ನಿಮ್ಮ ಮೊಹರು ಅಂತಾರ. ಅಕೀಬನ್ನ ಇನ್ನೆರಡ ತಾಸಿಗೆ ಒಯ್ತಾರ. ನಿನಗ ಗೊತ್ತಿದ್ದದ್ದು ಹೇಳು, ಇಲ್ಲಾಂದ್ರ ಅಂವಾ ಹೋದ."

"ಎಲ್ಲಿ ಈಬತ್ತಿ? ತೋರಸ್ರಿ."

ರಾಜರತ್ನ ಫೋಟೋ ತೋರಿಸಿದ. ಮುದುಕ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು, ಫೋನನ್ನು ಮೂಗಿನ ಹತ್ತಿರ ಹಿಡಿದ. ಬಹಳ ಹೊತ್ತು ನೋಡಿದ. ಅವನ ಗಡ್ಡ ನಡುಗತೊಡಗಿತು. ಅಳುತ್ತಿದ್ದಾನೆಂದು ರಾಜರತ್ನ ತಿಳಿದ. ಅಲ್ಲ, ನಗುತ್ತಿದ್ದ.

"ಸಾಹೇಬ್ರ, ನೀವು ಈಬತ್ತಿ ಹಚ್ಚಾವ್ರಲ್ಲ. ನಿಮಗೆಲ್ಲಿಂದ ಗೊತ್ತಾಗಬೇಕು. ಆ ಪೊಲೀಸ್ ತಂಗಿಗೂ ತಿಳೀಲಿಲ್ಲೇನು?"

ಅದು ನಿಜವೇ. ಬೂದಿ, ಕುಂಕುಮದ ರೂಢಿ ರಾಜರತ್ನನ ಮನೆಯಲ್ಲಿ ಅವನ ತಂದೆಯ ಕಾಲಕ್ಕೇ ನಿಂತಿತ್ತು. ಹಣೆಯ ಮೇಲಿನ ಗೆರೆಗಳನ್ನು ಸಾವಿರ ಸಲ ನೋಡಿದ್ದ. ಎಣಿಸಿದ್ದು ಮಾತ್ರ ಇಲ್ಲ.

ಗುರುಸಿದ್ದಯ್ಯ ಮೂಲೆಯ ಲಿಂಗದ ಫೋಟೋದ ಮುಂದಿನ ಬಟ್ಟಲಲ್ಲಿ ಬಲಗೈ ಅದ್ದಿದ. ಎಣ್ಣೆಬಟ್ಟೆ ಇಲ್ಲದ ಆ ಕೈಯನ್ನು ರಾಜರತ್ನ ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುದುಕ ಮೇಜಿನ ಕಬ್ಬಿಣದ ಮೇಲೆ ಬೆರಳೆಳೆದ. ಎರಡು ಗೆರೆ ಮೂಡಿದವು. ಎರಡೇ.

"ಹದಿನೈದ ವರ್ಷದ ಹಿಂದ ಜಾಕ್ ಜಾರಿ ಬಿತ್ತು. ಉಂಗುರದ ಬೆರಳು ಅರ್ಧಕ್ಕ ಹೋತು. ಮೂರನೇ ಗೆರಿ ಇನ್ನೊಂದ ಬೆರಳಿಲೆ ಎಳದ್ರ ಆಗತಿತ್ತು ಅಂದ್ರು ಮಂದಿ. ನಾ ಎಳೀಲಿಲ್ಲ. ಶಿವಾ ಎರಡಕ್ಕ ಒಪ್ಪಿದ್ರ ಒಪ್ಪಲಿ, ಇಲ್ಲಾಂದ್ರ ಆ ಬೆರಳು ತಿರುಗಿ ಕೊಡಲಿ ಅಂದೆ." ಅವನು ಕೈ ಮೇಲೆತ್ತಿ ತೋರಿಸಿದ. "ಅಕೀಬ ದಿನಾ ಚಾಷ್ಟಿ ಮಾಡತಾನ್ರಿ, ಕಾಕಾ ನಿನ್ನ ಶಿವಗ ಒಂದ ಗೆರಿ ಬಾಕಿ ಅಂತ. ಅಂವಾ ನನ್ನ ಈಬತ್ತಿ ಕಳವು ಮಾಡಿ ಹಚ್ಚೂದಾಗಿದ್ರ ಎರಡ ಎಳೀತಿದ್ದ. ಮೂರು ಎಳದಾಂವ ಯಾವನೋ ಹೊರಗಿನಾಂವ. ಅದೂ ನಮ್ಮ ಪೈಕಿಯಾಂವ. ಮುಂಜಾನೆದ್ದು ಹಣಿಗಿ ಮೂರು ಎಳದು ಎಳದು ಕೈಗಿ ರೂಢಿ ಆದಾಂವ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಗ್ಯಾರೇಜಿನಿಂದ ಗಾಡಿ ಹೊರಟಾಗ ಅದರ ಮೇಲೆ ಎರಡು ಗೆರೆಯ ಶಾಕಪ್ಪು ಇದ್ದವು. ಶುಕ್ರವಾರ ಉರುಳಿದಾಗ ಮೂರು ಗೆರೆಯವು. ನಡುವೆ ಇದ್ದದ್ದು ಗುರುವಾರ ಒಂದೇ.

"ಗುರುವಾರ ಗಾಡಿ ಎಲ್ಲಿತ್ತು ಅನ್ನೂದ ಹುಡುಕ್ರಿ," ಎಂದ ಮುದುಕ.

ರಾಜರತ್ನನಿಗೆ ಗುರುವಾರ ಚೆನ್ನಾಗಿ ನೆನಪಿತ್ತು. ಯಾಕೆಂದರೆ ಆ ಸಂಜೆ ನಾಲ್ಕಕ್ಕೆ ಫೋನು ಬಂದಿರಲಿಲ್ಲ. ಐದು ವರ್ಷದಲ್ಲಿ ಮೊದಲ ಸಲ. ಇವನೂ ಮುನಿಸಿಕೊಂಡು, ಬೇಕಾದರೆ ಅವನೇ ಮಾಡಲಿ ಎಂದು ಸುಮ್ಮನಿದ್ದ. ಹೊತ್ತು ಹೋಗದೆ ಚಿಗರಿ ಬಸ್ಸು ಹತ್ತಿ ಧಾರವಾಡದಿಂದ ಹುಬ್ಬಳ್ಳಿಗೆ ಬಂದು, ಇಳಿಯದೆ, ಅದೇ ಬಸ್ಸಿನಲ್ಲಿ ಮರಳಿ ಹೋಗಿದ್ದ. ಹಾಗೆ ಅವನು ವಾರಕ್ಕೆ ಎರಡು ಮೂರು ಸಲ ಹೋಗುವುದುಂಟು. ಬಸ್ಸಿನಲ್ಲಿ ಮಂದಿ ಮಾತಾಡುತ್ತಿರುತ್ತಾರೆ, ಅಷ್ಟೇ ಆಸೆ. ಅವತ್ತು ತಾನೇ ಒಂದು ಫೋನು ಮಾಡಿದ್ದರೆ? ಮುನಿಸಿಗೂ ಒಂದು ಹೊತ್ತುಗೊತ್ತು ಇರಬಾರದೇ!

"ನಡಿ, ಠಾಣೆಕ್ಕ," ಎಂದ. "ನಿನ್ನ ಕೈ ತೋರಸು ಅವರಿಗೆ."

ಗುರುಸಿದ್ದಯ್ಯನ ಕೈ ನೋಡಿ ಚಿನ್ಮಯೀ ತನ್ನ ಹಣೆಯನ್ನು ಮುಟ್ಟಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ನಾ ನಂಬತೇನಿ ಸರ್. ಆದ್ರ ನ್ಯಾಯಾಧೀಶರ ಮುಂದ ಒಂದ ಗೆರಿ ಹೆಚ್ಚಿಗೆ ಐತಿ ಅಂತ ಹೇಳಿದ್ರ ನಡೀತದೇನು? ಆ ಎರಡು ಗೆರಿದ್ದು ಎಲ್ಲರ ಸಿಕ್ರ ಮಾತು ಬ್ಯಾರೆ. ಅದು ಯಾರ ಗಾಡ್ಯಾಗ ಅದನೋ ಅಂವಾ ಹೇಳಬೇಕು."

"ಇಷ್ಟೊತ್ತಿಗಿ ಒರಿಸಿ ಹಾಕಿರತಾರ," ಎಂದ ರಾಜರತ್ನ.

"ಈಬತ್ತಿ ಒರಸೂದೇ?" ಗುರುಸಿದ್ದಯ್ಯ ಎರಡೂ ಕೆನ್ನೆಗೆ ಬಡಿದುಕೊಂಡ. "ಶಾಕಪ್ ಕದ್ದಾನು ಸಾಹೇಬ್ರ, ಹಚ್ಚಿದ ಈಬತ್ತಿ ಒರಸಾಕ ನಮ್ಮ ಪೈಕಿಯಾಂವಗ ಕೈ ಬರೂದಿಲ್ಲ."

ರಾಜರತ್ನನ ಕಿಸೆಯಲ್ಲಿ ಫೋನು ಕುಣಿಯಿತು. ನಾಲ್ಕು ಗಂಟೆ.

"ಸಾಹೇಬ್ರ, ಚಾ ಆತೇನ್ರಿ? ನಾ ಇಲ್ಲೇ ಅಂಗಳದಾಗ ಅದೇನಿ. ನಿಮ್ಮ ಸಲುವಾಗಿ ಚಾ ತಂದೇನಿ, ಹೊರಗ ಬರ್ರಿ."

ಗಂಗಪ್ಪ ಆಗಲೇ ಪಿಕಪ್ಪು ಹಿಂದಕ್ಕೆ ತಂದು, ಸರಪಳಿ ಬಿಗಿದು, ಗುರುಬಸವನ ಗಾಡಿಯ ಮೂತಿಯನ್ನು ಮೇಲೆತ್ತುತ್ತಿದ್ದ. ಮೂವತ್ತೈದರ ಗಟ್ಟಿ ಆಳು, ಹಣೆಯ ಮೇಲೆ ಬೆಳಗಿನ ವಿಭೂತಿ ಬೆವರಿಗೆ ಕರಗಿತ್ತು. ಒಂದು ಕೈಯಿಂದ ಹಿಡಿಕೆ ತಿರುಗಿಸುತ್ತಲೇ ಇನ್ನೊಂದರಿಂದ ಥರ್ಮಾಸು ಚಾಚಿದ.

"ಸಕ್ಕರಿ ಕಮ್ಮಿ ಹಾಕಿಸೇನಿ. ಗುರುಬಸವಣ್ಣ ಹೇಳತಿದ್ದ, ನಿಮಗ ಸಕ್ಕರಿ ಕಮ್ಮಿ ಬೇಕಂತ."

ಇಂಥದ್ದನ್ನು ನೆನಪಿಡುವವರು ಬದುಕಿನಲ್ಲಿ ಎಷ್ಟು ಮಂದಿ ಇರುತ್ತಾರೆ? ರಾಜರತ್ನನ ಕಣ್ಣು ತುಂಬಿತು. ಚಹಾ ಹಿಡಿದು ಅಲ್ಲೇ ನಿಂತ.

ಸರಪಳಿ ಬಿಗಿಯಿತು. ಸತ್ತ ಗಾಡಿಯ ಅಷ್ಟೂ ಭಾರ ಗಂಗಪ್ಪನ ಪಿಕಪ್ಪಿನ ಹಿಂಭಾಗಕ್ಕೆ ಬಿತ್ತು. ಹಿಂಭಾಗ ಒಂದು ಸಲ ಕುಸಿಯಿತು. ನಿಂತಿತು.

ಎರಡನೆಯ ಸಲ ಕುಣಿಯಲಿಲ್ಲ.

ಮೂವತ್ತು ವರ್ಷ ಗಾಡಿಗಳ ಕುಣಿತ ನೋಡಿದ ಕಣ್ಣು ಅವು. ಅದುಮಿದರೆ ಇಷ್ಟೇ ಇಳಿಯಬೇಕು, ಬಿಟ್ಟರೆ ಹೀಗೇ ನಿಧಾನ ಏಳಬೇಕು ಎಂದು ಅಂಗಡಿಯ ಮೇಜಿನ ಮೇಲೆ ಅವನೇ ಅಲ್ಲವೇ ಆರಿಸಿದ್ದು?

ಬೇಡ, ನೋಡಬೇಡ ಎಂದಿತು ಮನಸ್ಸು. ಚಹಾ ಕುಡಿ, ಮನೆಗೆ ಹೋಗು.

ಅವನು ಚಪ್ಪಲಿ ಸರಿಮಾಡುವವನಂತೆ ಬಗ್ಗಿದ. ಹಿಂದಿನ ಚಕ್ರದ ಒಳಗೆ ಕೈ ಚಾಚಿದ. ಹೆಬ್ಬೆರಳು ತೋರುಬೆರಳು ಕೊಳವೆಯನ್ನು ಸುತ್ತಿದವು. ತುದಿಗಳು ಕೂಡಲಿಲ್ಲ. ಕಣ್ಣು ಮೇಲೆತ್ತಿದ. ನೀಲಿ ಬಣ್ಣದ ನೆತ್ತಿಯ ಮೇಲೆ ಎರಡು ಬಿಳಿ ಗೆರೆ.

ಅಷ್ಟರಲ್ಲಿ ಅಕೀಬನನ್ನು ಜೀಪಿನ ಕಡೆ ಕರೆತಂದರು. ಅವನು ಯಾರನ್ನೂ ನೋಡದೆ ನೆಲ ನೋಡುತ್ತ ನಡೆಯುತ್ತಿದ್ದ. ಹಿಂದೆ ಬಂದ ಚಿನ್ಮಯೀ ಕೂಗಿ ಕೇಳಿದಳು. "ಏನರ ಸಿಕ್ತೇನ್ರಿ ಸರ್?"

ಇಲ್ಲ ಎಂದರೆ ನಾಳೆಯೂ ನಾಲ್ಕಕ್ಕೆ ಫೋನು ಬರುತ್ತದೆ, ನಾಡಿದ್ದೂ ಬರುತ್ತದೆ. ಹೌದು ಎಂದರೆ ಆ ಕೋಣೆಯಲ್ಲಿ ಇನ್ನು ಯಾವ ಸದ್ದೂ ಇಲ್ಲ. ರಾಜರತ್ನ ಗಂಗಪ್ಪನ ಮುಖ ನೋಡಿದ. ಗಂಗಪ್ಪನಿಗೆ ಎಲ್ಲ ತಿಳಿದುಹೋಗಿತ್ತು. ಹಿಡಿಕೆಯ ಮೇಲಿನ ಅವನ ಕೈ ನಿಂತಿತ್ತು.

"ಸಿಕ್ಕಾವು ಮೇಡಮ್ಮ," ಎಂದ ರಾಜರತ್ನ. "ಅಕೀಬನ್ನ ಬಿಡ್ರಿ. ಇಲ್ಲೆ ಇದಾವು."

ಗಂಗಪ್ಪ ಓಡಲಿಲ್ಲ. ಚಿನ್ಮಯೀ ಬಗ್ಗಿ ನೋಡಿ, ಎದ್ದು, ಅವನ ತೋಳು ಹಿಡಿದಳು. ಆಗಲೂ ಕೊಸರಲಿಲ್ಲ.

"ಆ ಗೆರಿ ಒರಸಬೇಕು ಅಂತ ಮಾಡಿದ್ದೆ ಸಾಹೇಬ್ರ. ಕೈ ಬರಲಿಲ್ಲ," ಎಂದ ಮೆಲ್ಲಗೆ.

"ಯಾಕೋ ಗಂಗಪ್ಪಾ? ಅಂವಾ ನಿನಗ ಏನ ಮಾಡಿದ್ದ? ಅಂವನ್ನ ಕೊಂದು ದಿನಾ ನನ್ನ ಚಾ ಕೇಳತಿದ್ದಿಯೇನೋ?"

"ನಾ ಕದ್ದಿಲ್ರಿ! ಗುರುವಾರ ಗುರುಬಸವಣ್ಣ ತಾನ ಬಂದ. ತನ್ನ ಕೈಲೆ ಬಿಚ್ಚಿದ. ನಿಮಗ ಗೊತ್ತಾಗಬಾರದು ಅಂತ ನನ್ನ ಹಳೇವಕ್ಕ ಬಣ್ಣಾ ಬಳದು, ಈಬತ್ತಿ ಎಳದು ಹಾಕ್ಕೊಂಡಾಂವನೂ ಅವನ. ನಾ ಅತ್ತು ಕರದು ಮಾಡಿದೆ, ಕೇಳಲಿಲ್ಲ. ನಿಮಗ ಫೋನ್ ಮಾಡಿ ಹೇಳತೇನಿ ಅಂತ ಅಂದಿದ್ದಕ್ಕ ಆಣಿ ಹಾಕಿಸಿಕೊಂಡ. ಅಂವಾ ಹೋದ ಮ್ಯಾಲೆ ಹೇಳಿಬಿಡಬೇಕು ಅಂತ ದಿನಾ ನಿಮಗ ಫೋನ್ ಹಚ್ಚತಿದ್ದೆ, ಆ ಆಣಿ ಅಡ್ಡ ಬರತಿತ್ತು. ಚಾ ಆತೇನ್ರಿ ಅನ್ನೂದರ ಮುಂದ ಬಾಯೇ ಬರತಿದ್ದಿಲ್ಲ."

"ಸುಳ್ಳು," ಎಂದಳು ಚಿನ್ಮಯೀ.

"ಅಂವನ ಬಾಯಿಲೇ ಕೇಳ್ರಿ." ಗಂಗಪ್ಪ ಫೋನು ತೆಗೆದು ಒತ್ತಿದ. "ಗುರುವಾರ ಮನಿಗಿ ಹೋದ ಮ್ಯಾಲೆ ಕಳಸ್ಯಾನ."

ಮೊದಲು ಲಾರಿಯೊಂದರ ಹಾರ್ನು ಕೇಳಿತು. ಆಮೇಲೆ ಗುರುಬಸವನ ದನಿ. ಹನ್ನೊಂದು ದಿನದ ಮೇಲೆ, ಅದೇ ಗೊಗ್ಗರು ದನಿ, ಅವಸರವಿಲ್ಲದ ದನಿ.

"ಗಂಗ್ಯಾ, ತಲಿ ಕೆಡಿಸ್ಕೋಬ್ಯಾಡ. ನಾಳಿ ಆ ಬಿಳಿ ಕಾರು ಎಳಿಯುವಾಗ ನನ್ನ ಗಾಡಿ ಕುಣೀಬೇಕು. ಕುಣದು ಕುಣದು ಆ ಡಿಕ್ಕಿ ನಡುರಸ್ತಾದಾಗ ತಾನ ತೆಗೀಬೇಕು, ಮಂದಿ ಎಲ್ಲಾ ನೋಡಬೇಕು. ಅದರಾಗ ಏನೈತಿ ಅಂತ ನಾ ಬಾಯಿಲೆ ಹೇಳಿದ್ರ ಆ ಕಾರಿನಾವ್ರು ನನ್ನ ಬಿಡೂದಿಲ್ಲ. ಮತ್ತ, ಸಾಹೇಬ್ರಿಗಿ ಮಾತ್ರ ಹೇಳಬ್ಯಾಡೋ. ಹೇಳಿದ್ರ ಅವರು ಬಂದು ನನ್ನ ಜೋಡಿ ಗಾಡ್ಯಾಗ ಕುಂಡ್ರತಾರ."

ಫೋನು ನಿಂತಿತು. ಚಿನ್ಮಯೀ ಗಂಗಪ್ಪನ ತೋಳು ಬಿಟ್ಟು ತಿರುಗಿದಳು. ಅಂಗಳದ ಮೂಲೆಯಲ್ಲಿ ತಾಡಪಲ್ಲು ನೆಲದ ಮೇಲೆ ಬಿದ್ದಿತ್ತು. ಬಿಳಿ ಕಾರಿನ ಡಿಕ್ಕಿ ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ಮಧ್ಯಾಹ್ನ ಎರಡಕ್ಕೆ ಅದು ಮುಚ್ಚಿತ್ತು; ಈ ನಡುವೆ ಯಾರೋ ಒಳಗಿದ್ದದ್ದನ್ನು ಒಯ್ದಿದ್ದರು.

ಅವಳು "ಗೇಟ್ ಹಾಕ್ರಿ!" ಎಂದು ಕೂಗುತ್ತ ಓಡಿದಳು.

ರಾಜರತ್ನ ಅತ್ತ ನೋಡಲೇ ಇಲ್ಲ. ಆರಿದ ಚಹಾ ಕೈಯಲ್ಲಿ ಹಾಗೇ ಇತ್ತು.

"ಗಂಗಪ್ಪಾ," ಎಂದ. "ಇನ್ನೊಮ್ಮೆ ಹಚ್ಚೋ."